ಪೆಂಡ್ರೋಲ್ ಕ್ಲಿಪ್ ಮಾರ್ಕ್-3: ಬಾಗಲಕೋಟೆಯ ಸಿಮೆಂಟ್ ಧೂಳಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲು ರೇಟಿಂಗ್ ಹೇಳಿಬಿಡುತ್ತೇನೆ. ರೈಲು ಹಳಿಯನ್ನು ಕೆಳಗಿನ ಸ್ಲೀಪರ್‌ಗೆ, ಅಂದರೆ ಅಡ್ಡ ದಿಮ್ಮಿಗೆ, ಬಿಗಿದು ಹಿಡಿಯುವ ಈ ಕ್ಲಿಪ್‌ಗೆ ಐದಕ್ಕೆ ನಾಲ್ಕೂವರೆ. ಅದರ ಜೊತೆ ಬರುವ, ಕ್ಲಿಪ್‌ಗೂ ಹಳಿಗೂ ನಡುವೆ ಕೂರುವ ನೈಲಾನ್ ಲೈನರ್‌ಗೆ ಮೂರು. ನಮಗೆ ಒಂದು ಸಲ ಮಾಲು ಕೊಟ್ಟ ವ್ಯಾಪಾರಿಗೆ ಸೊನ್ನೆ. ಆ ಕಥೆ ಕೆಳಗಿದೆ.

ಬಾಗಲಕೋಟೆ ಜಿಲ್ಲೆಯ ಒಂದು ಸಿಮೆಂಟ್ ಫ್ಯಾಕ್ಟರಿಯ ರೈಲ್ವೆ ಸೈಡಿಂಗ್, ಅಂದರೆ ಮಾಲು ತುಂಬಲು ಫ್ಯಾಕ್ಟರಿಯೊಳಗೆ ಬರುವ ಹಳಿ, ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೂ ಮುಂಚೆ ಗದಗ–ಹೋಟಗಿ ಲೈನ್ ಮೀಟರ್ ಗೇಜಿನಿಂದ ಬ್ರಾಡ್ ಗೇಜ್ ಆಗುವಾಗ ಗುತ್ತಿಗೆದಾರರ ಕೈಕೆಳಗೆ ಇದ್ದೆ. ಹಾಗಾಗಿ ಹಳೆ ಪದ್ಧತಿಯನ್ನೂ ಕಣ್ಣಾರೆ ನೋಡಿದ್ದೇನೆ. ಮರದ ಸ್ಲೀಪರ್ ಇದ್ದಲ್ಲಿ ಡಾಗ್ ಸ್ಪೈಕ್, ಕಬ್ಬಿಣದ ಸ್ಲೀಪರ್ ಇದ್ದಲ್ಲಿ ಬಡಿದು ಕೂರಿಸುವ ಬೆಣೆಯಂಥ ಕೀ. ಡಾಗ್ ಸ್ಪೈಕ್ ಅಂದರೆ ದೊಡ್ಡ ಮೊಳೆ, ಅಷ್ಟೇ. ಹಳಿಯ ಪಾದದ ಅಂಚನ್ನು ಹಿಡಿದುಕೊಳ್ಳುತ್ತದೆ, ಆದರೆ ಕೆಳಗೆ ಒತ್ತುವುದಿಲ್ಲ. ಗಾಡಿ ಬರುವಾಗ ಚಕ್ರದ ಮುಂದೆ ಹಳಿ ತುಸು ಮೇಲೇಳುತ್ತದೆ, ಆಮೇಲೆ ಭಾರಕ್ಕೆ ಕೂರುತ್ತದೆ. ದಿನಾ ಹೀಗೆ ಎಳೆದೂ ಎಳೆದೂ ಮೊಳೆ ಸಡಿಲ ಆಗುತ್ತದೆ. ಕೀ ಕೂಡ ಅದುರಿ ಅದುರಿ ಹೊರಗೆ ಬರುತ್ತದೆ. ಹಳಿ ನೋಡಿಕೊಳ್ಳುವ ಕೀಮನ್ ದಿನಾ ಸುತ್ತಿಗೆ ಹೊತ್ತು ನಡೆಯುತ್ತಿದ್ದದ್ದು ಇದಕ್ಕೇ.

ಪೆಂಡ್ರೋಲ್ ಕ್ಲಿಪ್ ಸುಮ್ನೆ ಹಿಡಿದುಕೊಂಡು ಕೂರುವುದಿಲ್ಲ, ಒತ್ತುತ್ತಲೇ ಇರುತ್ತದೆ. 1950ರ ದಶಕದ ಕೊನೆಗೆ ನಾರ್ವೆಯ ಪೇರ್ ಪಾಂಡೆ-ರೋಲ್ಫ್‌ಸೆನ್ ಎಂಬ ಎಂಜಿನಿಯರ್ ಮಾಡಿದ ಕಲ್ಪನೆ ಇದು. ಕ್ಲಿಪ್‌ನ ಹೆಸರೂ ಅವರ ಹೆಸರಿನದ್ದೇ. ರೈಲ್ವೆ ಕಾಗದದಲ್ಲಿ ಇ.ಆರ್.ಸಿ. (ಎಲಾಸ್ಟಿಕ್ ರೈಲ್ ಕ್ಲಿಪ್) ಅಂತ ಬರೆಯುತ್ತಾರೆ. ಸ್ಪ್ರಿಂಗ್ ಉಕ್ಕಿನ ಸುಮಾರು 20 ಮಿ.ಮೀ. ದಪ್ಪದ ಸರಳನ್ನು ಬಾಗಿಸಿ ಮಾಡಿದ್ದು. ತೂಕ ಒಂದು ಕಿಲೋಗೆ ಸ್ವಲ್ಪ ಕಡಿಮೆ. ನಟ್ಟಿಲ್ಲ, ಬೋಲ್ಟಿಲ್ಲ, ತಿರುಪಿಲ್ಲ. ನಡುವಿನ ಕಾಲು ಸ್ಲೀಪರ್‌ನಲ್ಲಿ ಹೂತಿರುವ ಇನ್ಸರ್ಟ್‌ನ ಕಣ್ಣಿನೊಳಗೆ ಹೋಗುತ್ತದೆ, ಮೂತಿ ಲೈನರ್ ಮೇಲೆ ಕೂತು ಹಳಿಯ ಪಾದವನ್ನು ಒತ್ತುತ್ತದೆ. ಮಾರ್ಕ್-3ರ ಒತ್ತಡ 850ರಿಂದ 1100 ಕಿಲೋ. ಒಂದು ಸ್ಲೀಪರ್‌ಗೆ ನಾಲ್ಕು ಕ್ಲಿಪ್. ಮುಖ್ಯ ಲೈನಿನಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಹಾಕಿದರೆ 6640 ಕ್ಲಿಪ್ ಬೇಕು. ಒಂದೆರಡು ಬಿದ್ದುಹೋದರೂ ಗಾಡಿ ನಿಲ್ಲುವುದಿಲ್ಲ. ಸಾಲಾಗಿ ಬಿದ್ದರೆ ಮಾತು ಬೇರೆ.

ನಮ್ಮ ಕಡೆಯ ಬಿಸಿಲಿಗೆ ಈ ಒತ್ತಡ ಯಾಕೆ ಬೇಕು ಅಂತ ವಿಜಯಪುರ ಲೈನಿನಲ್ಲಿ ಮೇ ತಿಂಗಳು ನಡೆದವರನ್ನು ಕೇಳಬೇಕು. ಬೂಟಿನ ಅಟ್ಟೆ ಮೆತ್ತಗಾಗುವಷ್ಟು ಹಳಿ ಕಾಯುತ್ತದೆ. ಒಂದು ಕಿಲೋಮೀಟರ್ ಉದ್ದದ ಹಳಿಯನ್ನು ಬಿಡುವಾಗಿ ಬಿಟ್ಟರೆ, 40 ಡಿಗ್ರಿ ಏರಿಕೆಗೆ ಸುಮಾರು 46 ಸೆಂ.ಮೀ. ಬೆಳೆಯುತ್ತದೆ. ವೆಲ್ಡ್ ಮಾಡಿದ ಉದ್ದ ಹಳಿಗೆ ಹಾಗೆ ಬೆಳೆಯಲು ಜಾಗವೇ ಇಲ್ಲ. ಹಿಗ್ಗಲು ನೂಕುವ ಆ ಬಲವನ್ನೆಲ್ಲ ಕ್ಲಿಪ್ ಹಳಿಯಿಂದ ಸ್ಲೀಪರ್‌ಗೆ ದಾಟಿಸುತ್ತದೆ, ಸ್ಲೀಪರನ್ನು ಜಲ್ಲಿ ಹಿಡಿಯುತ್ತದೆ. ಕ್ಲಿಪ್ ಸೋತರೆ ಹಳಿ ಸ್ಲೀಪರ್ ಮೇಲೆ ಜಾರುತ್ತದೆ. ಕೆಳಗೆ ಎರೆ ಭೂಮಿ ಇದ್ದರೆ ಅದೊಂದು ತಲೆನೋವು ಬೇರೆ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಹಳಿ ಒಂದೇ ಮಟ್ಟದಲ್ಲಿ ಇರುವುದೇ ಇಲ್ಲ. ಕ್ಲಿಪ್ ಅದನ್ನು ಸರಿಮಾಡಲಾರದು, ಪಾಪ. ಅದಕ್ಕೆ ಅಂಕ ಕಳೆಯುವುದು ಅನ್ಯಾಯ.

ಇನ್ನು ದೂರು. ಕ್ಲಿಪ್ ಬೇಡುವುದು ಒಂದೇ, ಗ್ರೀಸ್. ಅದನ್ನು ಕೊಡದಿದ್ದರೆ ಕಣ್ಣಿನೊಳಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಖಾನಾಪುರ–ಲೋಂಡಾ ಕಡೆಯ ಮಳೆಯಲ್ಲಿ ಕೆಲಸ ಮಾಡಿದ ಗೆಳೆಯರು ಇದನ್ನೇ ಹೇಳುತ್ತಾರೆ. ಸ್ಟೇಷನ್ ಪ್ಲಾಟ್‌ಫಾರ್ಮ್ ಲೈನುಗಳಲ್ಲಿ ಮೊದಲು ಬೋಗಿಗಳ ಶೌಚಾಲಯದ ನೀರು ನೇರ ಕ್ಲಿಪ್ ಮೇಲೆ ಬೀಳುತ್ತಿತ್ತು. ಬಯೋ ಟಾಯ್ಲೆಟ್ ಬಂದ ಮೇಲೆ ಆ ಕಾಟ ತಪ್ಪಿತು. ನಮ್ಮ ಸೈಡಿಂಗಿನ ಕಾಟ ಬೇರೆಯದು. ಲೋಡಿಂಗ್ ಶೆಡ್ಡಿನ ಕೆಳಗೆ ಸಿಮೆಂಟ್ ಧೂಳು ಕೂರುತ್ತದೆ, ಮೊದಲ ಮಳೆಗೆ ಗಟ್ಟಿಯಾಗುತ್ತದೆ. ಕ್ಲಿಪ್, ಲೈನರ್, ಇನ್ಸರ್ಟ್ ಎಲ್ಲ ಸೇರಿ ಒಂದೇ ಗಡ್ಡೆ. ಹೊಸ ಹುಡುಗರು ಅದರ ಮೇಲೆ ಸುತ್ತಿಗೆ ಬೀಸುತ್ತಾರೆ. ನಮ್ಮಲ್ಲಿ ರಿಟೈರ್ ಆದ ಕೀಮನ್ ಒಬ್ಬರಿದ್ದಾರೆ, ನಾವೆಲ್ಲ ಕಾಕಾ ಅಂತೀವಿ. ಅವರು ಹುಡುಗರನ್ನು ಪಕ್ಕಕ್ಕೆ ಸರಿಸಿ, “ಬಡೀಬ್ಯಾಡ್ರೋ ತಮ್ಮಾ. ಮೊದಲ ಕೆರೀರಿ, ಎಣ್ಣಿ ಬಿಡ್ರಿ, ನಾಳೆ ಬರ್ರಿ” ಅಂದರು. “ನಾಳಿತನಕಾ ಯಾಕ ಕಾಕಾ?” ಅಂದರೆ, “ಇವತ್ತ ಬಡದ್ರ ಕಣ್ಣ ಒಡೀತೈತಿ. ಕಣ್ಣ ಒಡದ್ರ ಸ್ಲೀಪರ ಹೋತು.” ಮಾತು ನಿಜ. ಇನ್ಸರ್ಟ್ ಕಾಂಕ್ರೀಟಿನಲ್ಲೇ ಎರಕ ಹೊಯ್ದಿರುವುದರಿಂದ, ಅದು ಮುರಿದರೆ ಕೈಯಲ್ಲಿ ಬದಲಾಯಿಸುವ ಹಾಗಿಲ್ಲ.

ಈಗ ಶೆಡ್ಡಿನ ಕೆಳಗೆ ಮಳೆಗಾಲಕ್ಕೆ ಮುಂಚೆ ಒಂದು ಸುತ್ತು ಕಡ್ಡಾಯ. ಕ್ಲಿಪ್ ಬಿಚ್ಚಿ, ಕಾಲನ್ನು ತಂತಿ ಬ್ರಷ್ಷಿನಿಂದ, ಆಮೇಲೆ ಎಮರಿ ಕಾಗದದಿಂದ ಉಜ್ಜಿ, ಕಣ್ಣನ್ನೂ ಒಳಗಿನಿಂದ ಸ್ವಚ್ಛ ಮಾಡಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಹಾಕುತ್ತೇವೆ. ಹಾಕುವಾಗ ಕಾಲಿನ ತುದಿ ಇನ್ಸರ್ಟ್‌ನ ಅಂಚಿಗೆ ಸಮವಾಗಿ ನಿಲ್ಲಬೇಕು. ಒಳಗೆ ಜಾಸ್ತಿ ಹೋದರೂ ಒತ್ತಡ ಏರುಪೇರು, ಲೈನರ್ ಸರಿಯುತ್ತದೆ. ಕಡಿಮೆ ಹೋದರೂ ಹಾಗೇ. ಬೆರಳಿನಲ್ಲಿ ಸವರಿ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು, ಕ್ಲಿಪ್ ಬಡಿಯುವಾಗ ಅದರ ಎದುರಿಗೆ ಯಾರನ್ನೂ ನಿಲ್ಲಿಸಬೇಡಿ. ಇಷ್ಟು ಒತ್ತಡದ ಸ್ಪ್ರಿಂಗ್ ಜಾರಿದರೆ ಮೊಣಕಾಲು ಉಳಿಯುವುದಿಲ್ಲ.

ಲೈನರ್‌ಗೆ ಮೂರೇ ಯಾಕೆ? ಗಾಜಿನ ಎಳೆ ಬೆರೆಸಿದ ನೈಲಾನ್ ಅದು. ಹಳಿಗೂ ಸ್ಲೀಪರ್‌ಗೂ ನಡುವೆ ಕರೆಂಟ್ ಹರಿಯದ ಹಾಗೆ ತಡೆಯುತ್ತದೆ. ಹಳಿಯಲ್ಲಿ ಕರೆಂಟ್ ಹರಿಸಿ ಗಾಡಿ ಇದೆಯೇ ಅಂತ ತಿಳಿಯುವ ಸಿಗ್ನಲ್ಲಿನ ಟ್ರ್ಯಾಕ್ ಸರ್ಕ್ಯೂಟ್ ಇದ್ದಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಆದರೆ ಸುತ್ತಿಗೆಯ ಒಂದು ಅಡ್ಡ ಏಟಿಗೆ ಲೈನರ್‌ನ ಅಂಚಿನ ಕಿವಿ ಹಾರಿಹೋಗುತ್ತದೆ. ಒಡೆದ ಲೈನರ್ ಮೇಲೆ ಕೂತ ಕ್ಲಿಪ್ ಹೊಸದಾದರೂ ಏನು ಪ್ರಯೋಜನ? ಹಳಿಯ ಕೆಳಗಿನ ರಬ್ಬರ್ ಪ್ಯಾಡ್‌ದೂ ಇದೇ ಕಥೆ. ಅದು ಸವೆದು ತೆಳುವಾದರೆ ಕ್ಲಿಪ್ ಅಷ್ಟು ಬಾಗುವುದಿಲ್ಲ, ಬಾಗದಿದ್ದರೆ ಒತ್ತುವುದಿಲ್ಲ. ತುಂಬಾ ಜನ ಕ್ಲಿಪ್ ಲೂಸ್ ಆಯಿತು ಅಂತ ಕ್ಲಿಪ್ ಬದಲಾಯಿಸುತ್ತಾರೆ, ಪ್ಯಾಡ್ ಮುಟ್ಟುವುದಿಲ್ಲ. ಕ್ಲಿಪ್‌ನ ದೊಡ್ಡ ಕೊರತೆಯೂ ಇಲ್ಲೇ ಇದೆ: ಸೋತದ್ದು ಕಣ್ಣಿಗೆ ಕಾಣುವುದಿಲ್ಲ. ಬೋಲ್ಟ್ ಆದರೆ ಸ್ಪ್ಯಾನರ್ ಹಾಕಿದರೆ ಗೊತ್ತಾಗುತ್ತದೆ. ಇದಕ್ಕೆ ಒತ್ತಡ ಅಳೆಯುವ ಸಾಧನವೇ ಬೇಕು, ಅರ್ಧ ಅಂಕ ಕಳೆದದ್ದು ಅದಕ್ಕೆ.

ಈಗ ವ್ಯಾಪಾರಿಯ ಕಥೆ. ಅರ್ಜೆಂಟಿಗೆ ಬೇಕಾಗಿತ್ತು, ಕಚೇರಿಯವರು ಕಡಿಮೆ ರೇಟಿನವನಿಗೆ ಆರ್ಡರ್ ಕೊಟ್ಟರು. ಗೋಣಿಚೀಲದಲ್ಲಿ ಬಂದವು, ಕರಿ ಬಣ್ಣ ಮಿಂಚುತ್ತಿತ್ತು. ಒಂದನ್ನು ಕೈಗೆತ್ತಿಕೊಂಡು ಮೂತಿಯ ಕೆಳಭಾಗ ಸವರಿದರೆ ಬಣ್ಣದಡಿ ಚಪ್ಪಟೆ ಸವೆತ, ಉಗುರು ಸಿಗುವಷ್ಟು. ಹೊಸ ಕ್ಲಿಪ್‌ಗೆ ಅದು ಎಲ್ಲಿಂದ ಬರಬೇಕು? ಚಾಕುವಿನಿಂದ ಕೆರೆದಾಗ ತುಕ್ಕಿನ ಗುಳಿಗಳು ಕಂಡವು. ತಯಾರಕರ ಗುರುತು, ವರ್ಷ ಒತ್ತಿರಬೇಕಾದ ಜಾಗದಲ್ಲಿ ಬಣ್ಣದ ಎರಡು ಪದರ. ಹಳೆ ಮಾಲಿಗೆ ಬಣ್ಣ ಬಳಿದು ಕಳಿಸಿದ್ದ. ಲಾರಿಯಿಂದ ಪೂರ್ತಿ ಇಳಿಸುವ ಮೊದಲೇ ವಾಪಸ್ ಕಳಿಸಿದೆವು. ರೈಲ್ವೆಯ ಸಂಶೋಧನೆ ಮತ್ತು ಗುಣಮಟ್ಟ ಸಂಸ್ಥೆಯಾದ ಆರ್.ಡಿ.ಎಸ್.ಓ. ಒಪ್ಪಿದ ತಯಾರಕರದ್ದೇ ತೆಗೆದುಕೊಳ್ಳಿ, ಬಿಲ್ಲಿನ ಜೊತೆ ತಪಾಸಣೆಯ ಸರ್ಟಿಫಿಕೇಟ್ ಕೇಳಿ, ಬಣ್ಣಕ್ಕೆ ಮರುಳಾಗಬೇಡಿ.

ಮಾರ್ಕ್-5 ತೆಗೆದುಕೊಳ್ಳಬಹುದಾ ಅಂತ ಕೆಲವರು ಕೇಳುತ್ತಾರೆ. ಅದರ ಒತ್ತಡ 1200ರಿಂದ 1500 ಕಿಲೋ. ಭಾರದ ಗಾಡಿಗಳು ವೇಗವಾಗಿ ಓಡುವ ಮುಖ್ಯ ಲೈನಿಗೆ ಒಳ್ಳೆಯದೇ. ರೇಕು, ಅಂದರೆ ಗೂಡ್ಸ್ ಬೋಗಿಗಳ ಸಾಲು, ಆಮೆ ನಡಿಗೆಯಲ್ಲಿ ಒಳಗೆ ಬಂದು, ಲೋಡ್ ಆಗಿ ಹೊರಗೆ ಹೋಗುವ ನಮ್ಮಂಥ ಸೈಡಿಂಗಿಗೆ ಮಾರ್ಕ್-3 ಧಾರಾಳ. ಉಳಿದ ದುಡ್ಡಿಗೆ ಗ್ರೀಸ್ ಡಬ್ಬಿ ತರಿಸಿ, ರಬ್ಬರ್ ಪ್ಯಾಡ್ ಬದಲಾಯಿಸಿ.