ಥೀಮ್ ಬದಲಿಸಿದರೂ ಪುಟ ಉಳಿಯಿತು, ಹುಡುಕಾಟ ಕೆಟ್ಟಿತು: ಟೆಂಪ್ಲೇಟ್ ಪ್ಲಗಿನ್ ಎರಡು ವರ್ಷದ ಬಳಕೆ

ಕಲಬುರಗಿ ಗಂಜ್‌ನ ಅಡತಿ ಅಂಗಡಿಯ ವೆಬ್‌ಸೈಟಿನಲ್ಲಿ ಜನ ನೋಡುವುದು ಒಂದೇ ಪುಟ, ಇಂದಿನ ತೊಗರಿ ದರ. ಅದಕ್ಕೆ ಸೈಡ್‌ಬಾರ್ ಬೇಡ, ಮೇಲಿನ ದೊಡ್ಡ ಚಿತ್ರವೂ ಬೇಡ. ಆ ಪುಟದ ವಿನ್ಯಾಸ ಹೇಳುವ ಟೆಂಪ್ಲೇಟ್ ಫೈಲ್ ಮೊದಲು ಥೀಮ್ (ಇಡೀ ಸೈಟಿಗೆ ರೂಪ ಕೊಡುವ ಫೈಲುಗಳ ಕಟ್ಟು) ಫೋಲ್ಡರಿನಲ್ಲೇ ಇತ್ತು. ಥೀಮ್ ಬದಲಿಸಿದರೆ ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಆ ಫೈಲ್ ಸಿಗದು, ಪುಟ ಸಾದಾ ಪುಟವಾಗಿ ತೆರೆದುಕೊಳ್ಳುತ್ತದೆ. ಟೆಂಪ್ಲೇಟುಗಳನ್ನು ಥೀಮಿನ ಹೊರಗಿಡಲು ಬಿಡುವ ಈ ಉಚಿತ ಪ್ಲಗಿನ್ ಹಾಕಿ, ಅದೇ ಫೈಲನ್ನು ಅದು ಓದುವ ಟೆಂಪ್ಲೇಟ್ ಫೋಲ್ಡರಿಗೆ ಹಾಕಿದ ಮೇಲೆ ಎರಡು ಸಲ ಥೀಮ್ ಬದಲಾಗಿದೆ, ದರದ ಪಟ್ಟಿ ಒಂದಿಷ್ಟೂ ಕದಲಿಲ್ಲ. ಪುಟದ ವಿನ್ಯಾಸ ಮಾಡಿಕೊಡುವ, ವರ್ಷವರ್ಷ ಹಣ ಕಟ್ಟುವ ಪೇಜ್ ಬಿಲ್ಡರ್ ಇಷ್ಟಕ್ಕೆ ಬೇಕಿಲ್ಲ.

ದಿನದ ಕೆಲಸ ಬಹಳ ಹಗುರ. ಟೆಂಡರ್ ಮುಗಿದ ಮೇಲೆ ಮೊಬೈಲಿನಲ್ಲೇ ಪುಟ ತೆರೆದು ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಿದ ದರ) ಎಂಬ ಮೂರು ಖಾನೆಗಳಲ್ಲಿ ಕ್ವಿಂಟಲ್ ದರ ತುಂಬಿ ಅಪ್‌ಡೇಟ್ ಒತ್ತಬೇಕು. ದಿನಾಂಕಕ್ಕೆ ನಾಲ್ಕನೇ ಖಾನೆ ಇಟ್ಟುಕೊಳ್ಳಿ. 'ಕೊನೆಯ ಬದಲಾವಣೆ'ಯ ದಿನಾಂಕವನ್ನೇ ತೋರಿಸಿದರೆ, ಒಂದು ಅಕ್ಷರ ತಿದ್ದಿದರೂ ನಿನ್ನೆಯ ದರ ಇಂದಿನದಾಗಿ ಕಾಣುತ್ತದೆ. ರೈತರು ಅದನ್ನು ನಂಬಿ ಗಾಡಿ ಹೊಡೆದುಕೊಂಡು ಬರುತ್ತಾರೆ. ಶೀರ್ಷಿಕೆಯ ಲೈನ್‌ಹೈಟ್ (ಸಾಲಿನ ಎತ್ತರ) 1.6 ಇರಲಿ. 1.1ಕ್ಕೆ ಇಳಿಸಿ, ಚೌಕಟ್ಟು ಮೀರಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿದರೆ 'ಮಾರುಕಟ್ಟೆ'ಯ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ.

ಸಿಟ್ಟು ಬರುವುದು ಹುಡುಕಾಟದಲ್ಲಿ. ಸೈಟಿನಲ್ಲಿ 'ತೊಗರಿ' ಎಂದು ಹುಡುಕಿದರೆ ಫಲಿತಾಂಶಗಳ ಬದಲು ದರದ ಪುಟದ ವಿನ್ಯಾಸವೇ ಬಂದು ಕೂರುತ್ತದೆ. ಪ್ಲಗಿನ್ ಎರಡು ಫಿಲ್ಟರ್ (ವರ್ಡ್‌ಪ್ರೆಸ್‌ನ ಕೆಲಸದ ನಡುವೆ ನಮ್ಮ ಕೋಡ್ ಕೈಹಾಕುವ ಜಾಗ) ಬಳಸುತ್ತದೆ: ಥೀಮ್ ಪೇಜ್ ಟೆಂಪ್ಲೇಟ್ಸ್ ಎಂಬುದು ಆಯ್ಕೆಪಟ್ಟಿಗೆ ಹೆಸರು ಸೇರಿಸುತ್ತದೆ, ಟೆಂಪ್ಲೇಟ್ ಇನ್‌ಕ್ಲೂಡ್ ಎಂಬುದು ಫೈಲಿನ ದಾರಿ ಕೊಡುತ್ತದೆ. ತಪ್ಪು ಎರಡನೆಯದರಲ್ಲಿದೆ. ಪುಟಕ್ಕೆ ಯಾವ ಟೆಂಪ್ಲೇಟ್ ಎಂದು ಅದು ಗ್ಲೋಬಲ್ ಪೋಸ್ಟ್ (ಆ ಹೊತ್ತಿಗೆ ವರ್ಡ್‌ಪ್ರೆಸ್ ಕೈಯಲ್ಲಿರುವ ಬರಹ) ನೋಡಿ ನಿರ್ಧರಿಸುತ್ತದೆ. ಹುಡುಕಾಟದ ಪುಟದಲ್ಲಿ ಆ ಜಾಗದಲ್ಲಿರುವುದು ಮೊದಲ ಫಲಿತಾಂಶ, ಅದು ದರದ ಪುಟವಾದರೆ ಅದರ ವಿನ್ಯಾಸವೇ ಬರುತ್ತದೆ. 'ಇದು ಒಂಟಿ ಪುಟವೇ' ಎಂದು ಮೊದಲೇ ಕೇಳಿದ್ದರೆ ಇಷ್ಟು ತೊಂದರೆಯೇ ಇರಲಿಲ್ಲ. ಒಂದು ಸಾಲಿನ ಪರೀಕ್ಷೆ, ಎರಡು ವರ್ಷವಾದರೂ ಸೇರಿಸಿಲ್ಲ.

ಪ್ಲಗಿನ್ ಫೈಲನ್ನೇ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತದೆ. ಡಬ್ಲ್ಯೂಪಿ ಕಂಟೆಂಟ್ ಒಳಗೆ ಎಂಯು-ಪ್ಲಗಿನ್ಸ್ ಎಂಬ ಫೋಲ್ಡರ್ (ಇದರಲ್ಲಿಟ್ಟ ಕೋಡ್ ತಾನಾಗಿಯೇ ಓಡುತ್ತದೆ) ಮಾಡಿ, ನಿಮ್ಮ ತಿದ್ದುಪಡಿಯ ಪಿಎಚ್‌ಪಿ ಫೈಲನ್ನು ನೇರವಾಗಿ ಅದರಲ್ಲಿ ಇಡಿ. ಇನ್ನೊಂದು ಫೋಲ್ಡರಿನೊಳಗೆ ಇಟ್ಟರೆ ಓಡುವುದಿಲ್ಲ. ಅದರಲ್ಲಿ ಅದೇ ಟೆಂಪ್ಲೇಟ್ ಇನ್‌ಕ್ಲೂಡ್‌ಗೆ, ಪ್ಲಗಿನ್ ಆದ ಮೇಲೆ ಓಡುವಂತೆ 9999 ಆದ್ಯತೆ ಕೊಟ್ಟು, ಹುಡುಕಾಟದ ಪುಟವಾದರೆ ಥೀಮಿನ ಸರ್ಚ್ ಟೆಂಪ್ಲೇಟನ್ನು, ಅದಿಲ್ಲದಿದ್ದರೆ ಇಂಡೆಕ್ಸ್ ಟೆಂಪ್ಲೇಟನ್ನು ಹಿಂದಿರುಗಿಸಿ. ಅಲ್ಲಿಗೆ ಹುಡುಕಾಟ ಸರಿಹೋಗುತ್ತದೆ.

ಟೆಂಪ್ಲೇಟ್ ಫೈಲಿನ ಹೆಸರು ಪೂರ್ತಿ ಸಣ್ಣಕ್ಷರದಲ್ಲಿರಲಿ. ವಿಂಡೋಸ್‌ನಲ್ಲಿ ನಡೆದದ್ದು ಲಿನಕ್ಸ್ ಸರ್ವರ್‌ನಲ್ಲಿ ದೊಡ್ಡಕ್ಷರ-ಸಣ್ಣಕ್ಷರದ ವ್ಯತ್ಯಾಸಕ್ಕೇ ನಿಂತುಹೋಗುತ್ತದೆ.

ಬೀದರಿನ ಬಿದರಿ ಅಂಗಡಿಗಳಂತೆ ಉದ್ದಗಲ ಚಿತ್ರಪುಟ ಬೇಕಾದವರು ಬ್ಲಾಕ್ ಥೀಮ್ (ಸೈಟ್ ಎಡಿಟರ್‌ನಲ್ಲೇ ಪುಟದ ಭಾಗಗಳನ್ನು ಜೋಡಿಸುವ ಹೊಸ ಬಗೆಯ ಥೀಮ್) ಬಳಸುತ್ತಿದ್ದರೆ ಈ ಪ್ಲಗಿನ್ ಬೇಡ. ಹಳೆಯ ಬಗೆಯ ಟೆಂಪ್ಲೇಟ್ ಹೆಡರ್ (ಪುಟದ ಮೇಲ್ಭಾಗ) ಕೇಳಿದಾಗ ನಿಮ್ಮ ಥೀಮಿನ ಹೆಡರ್ ಬರುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.7ರಲ್ಲಿ ಪ್ಲಗಿನ್‌ನಿಂದಲೇ ಬ್ಲಾಕ್ ಟೆಂಪ್ಲೇಟ್ ನೋಂದಾಯಿಸುವ ಫಂಕ್ಷನ್ ಇದೆ, ಅದನ್ನು ಬಳಸಿ. ಸೈಟ್ ಎಡಿಟರ್‌ನಲ್ಲಿ ಒಮ್ಮೆ ತಿದ್ದಿದರೆ ಆ ಪ್ರತಿ ಡೇಟಾಬೇಸಿನಲ್ಲಿ ಉಳಿಯುತ್ತದೆ. ರೀಸೆಟ್ ಮಾಡುವ ತನಕ ಪ್ಲಗಿನ್‌ನ ಹೊಸ ವಿನ್ಯಾಸ ಕಾಣದು.

ಹಳೆಯ ಬಗೆಯ ಥೀಮ್ ಇದ್ದವರಿಗೆ ಐದಕ್ಕೆ ನಾಲ್ಕು ನಕ್ಷತ್ರ, ಎಂಯು ಫೈಲ್ ಜೊತೆಗಿದ್ದರೆ ಮಾತ್ರ.