ಮಕ್ಕಳನ್ನು ಮುಂದೆ ಕೂರಿಸಿಕೊಂಡು ಹೋಗುವ ಡಚ್ ಪೆಟ್ಟಿಗೆ ಸೈಕಲ್: ಬಳಸಿದವಳ ವಿಮರ್ಶೆ

ನೆದರ್ಲೆಂಡ್ಸ್‌ನಲ್ಲಿ ‘ಬಕ್‌ಫೀಟ್ಸ್’ ಎಂದು ಕರೆಯುವ, ಮುಂಭಾಗದಲ್ಲಿ ದೊಡ್ಡ ಪೆಟ್ಟಿಗೆಯಿರುವ ಸೈಕಲ್ಲನ್ನು ಕೊಳ್ಳಬಹುದೇ ಎಂದು ಆಮ್‌ಸ್ಟೆಲ್‌ವೇನ್‌ನ ಕನ್ನಡದ ಗೆಳತಿಯರು ಆಗಾಗ ಕೇಳುತ್ತಿರುತ್ತಾರೆ. ಎರಡು ಚಕ್ರದ, ಬ್ಯಾಟರಿ ಮೋಟಾರಿರುವ ಮಾದರಿಯೊಂದನ್ನು ಇಬ್ಬರು ಮಕ್ಕಳೊಂದಿಗೆ ನಿತ್ಯ ಬಳಸುತ್ತಿರುವ ನನ್ನ ಅಭಿಪ್ರಾಯವೆಂದರೆ, ನಿಲ್ಲಿಸಲು ನೆಲಮಟ್ಟದಲ್ಲಿ ಜಾಗವಿದ್ದು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಓಡಿಸುವುದಾದರೆ ಧಾರಾಳವಾಗಿ ಕೊಳ್ಳಬಹುದು.

ಪೆಟ್ಟಿಗೆಯೊಳಗಿನ ಬೆಂಚಿನ ಮೇಲೆ ಇಬ್ಬರು ಮಕ್ಕಳು ಅಕ್ಕಪಕ್ಕ ಬೆಲ್ಟು ಹಾಕಿಕೊಂಡು ಕೂರುತ್ತಾರೆ. ಅವರ ಕಾಲ ಬಳಿ ಶಾಲೆಯ ಬ್ಯಾಗು, ತರಕಾರಿ, ಹಾಲು ಎಲ್ಲವೂ ಹಿಡಿಸುತ್ತವೆ. ಮಕ್ಕಳು ಕಣ್ಣೆದುರೇ ಇರುವುದರಿಂದ ಯಾರು ಯಾರ ಟೋಪಿ ಕಿತ್ತರೆಂಬ ತಕರಾರನ್ನು ಹಿಂದಿರುಗಿ ನೋಡದೆಯೇ ಬಗೆಹರಿಸಬಹುದು. ಹಿಂಬದಿಯ ಮಕ್ಕಳ ಸೀಟಿನಲ್ಲಿ ಈ ಅನುಕೂಲವಿಲ್ಲ, ಅವು ಸಾಮಾನ್ಯವಾಗಿ 22 ಕೆ.ಜಿ. ತೂಕದವರೆಗೆ ಮಾತ್ರ. 8 ವರ್ಷದೊಳಗಿನ ಮಗುವಿಗೆ ಬೆನ್ನು, ಕೈ, ಕಾಲುಗಳಿಗೆ ಆಧಾರವಿರುವ ಆಸನ ಇಲ್ಲಿ ಕಾನೂನಿನಂತೆ ಕಡ್ಡಾಯ. ಕಾಲೆತ್ತಿ ದಾಟಬೇಕಿಲ್ಲದ ತಗ್ಗು ಚೌಕಟ್ಟು ಮತ್ತು ಪೂರ್ತಿ ಮುಚ್ಚಿದ ಚೈನು ಇರುವುದರಿಂದ ಚೂಡಿದಾರದಲ್ಲೂ ನಿಶ್ಚಿಂತೆಯಿಂದ ತುಳಿಯಬಹುದು. ವೇಲನ್ನು ಮಾತ್ರ ಗಂಟು ಹಾಕಿಕೊಳ್ಳುವುದು ಒಳ್ಳೆಯದು.

ಹ್ಯಾಂಡಲ್ ಮತ್ತು ಮುಂಚಕ್ರದ ನಡುವೆ ಪೆಟ್ಟಿಗೆ ಇರುವುದರಿಂದ, ಚಕ್ರವನ್ನು ತಿರುಗಿಸುವ ಕೆಲಸ ಕೆಳಗಿನ ಸರಳಿನ ಮೂಲಕ ನಡೆಯುತ್ತದೆ, ಚಕ್ರ ಕಣ್ಣಿಗೆ ಬೀಳುವುದೇ ಇಲ್ಲ. ಮೊದಮೊದಲು ಇದು ದಿಗಿಲು ಹುಟ್ಟಿಸುತ್ತದೆ. ಪೆಟ್ಟಿಗೆಯನ್ನು ದಿಟ್ಟಿಸದೆ ದೂರದ ರಸ್ತೆಯತ್ತ ನೋಡುತ್ತ ತುಳಿದರೆ ಸಮತೋಲ ಸಿಗುತ್ತದೆ. ಮಕ್ಕಳನ್ನು ಹತ್ತಿಸುವ ಮೊದಲು ಖಾಲಿ ಸೈಕಲ್ಲಿನಲ್ಲಿ ತಿರುವುಗಳನ್ನು ಅಭ್ಯಾಸ ಮಾಡುವುದು ಲೇಸು. ಗಂಟೆಗೆ 25 ಕಿ.ಮೀ. ವೇಗದವರೆಗೆ ಮೋಟಾರು ನೆರವಾಗುತ್ತದೆ. ಗುಡ್ಡವೇ ಇಲ್ಲದ ಈ ನಾಡಿನಲ್ಲಿ ಮೋಟಾರು ಏಕೆಂದು ಕೇಳುವವರು ನವೆಂಬರಿನ ಎದುರುಗಾಳಿಯನ್ನು ಕಂಡಿಲ್ಲ. ಆದರೆ ಖಾಲಿ ಸೈಕಲ್ಲೇ ಸುಮಾರು 50 ಕೆ.ಜಿ. ತೂಗುತ್ತದೆ, ಉದ್ದ ಎರಡೂವರೆ ಮೀಟರಿನಷ್ಟು. ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಮೆಟ್ಟಿಲಿನ ಪಕ್ಕದ ಕಿರಿದಾದ ದಾರಿಯಲ್ಲಿ ಇದನ್ನು ಇಳಿಸುವ ಸಾಹಸ ಬೇಡ.

ಮಕ್ಕಳನ್ನು ಬಿಡುವುದು, ಔಷಧಿ ತರುವುದು, ಅಂಗಡಿಗೆ ಹೋಗುವುದು, ನಡುವೆ ಕಚೇರಿ ಮುಟ್ಟುವುದು ಎಂಬ ಸರಪಳಿಯೇ ಬಹುಪಾಲು ತಾಯಂದಿರ ದಿನಚರಿ. ಮನೆಯವರ ಆರೈಕೆಗಾಗಿ ನಡೆಯುವ ಈ ಓಡಾಟಕ್ಕೆ ಸಾರಿಗೆ ಯೋಜನೆಯಲ್ಲಿ ಪ್ರತ್ಯೇಕ ಲೆಕ್ಕ ಇರಬೇಕೆಂದು ಸ್ಪೇನಿನ ನಗರ ಯೋಜಕಿ ಇನೆಸ್ ಸಾಂಚೆಸ್ ದೆ ಮದಾರಿಯಾಗಾ ವಾದಿಸಿದ್ದಾರೆ. ಈ ಸೈಕಲ್ಲು ಅಂಥ ಓಡಾಟಕ್ಕೆ ಹೇಳಿ ಮಾಡಿಸಿದಂತಿದೆ. ಆದರೂ ನನಗೆ ಇದರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಸೀಟಿನ ಕೆಳಗಿನ ಸಣ್ಣ ಲಿವರ್. ಅದನ್ನು ಸಡಿಲಿಸಿ ಸೀಟನ್ನು ಮೇಲೆತ್ತಿದರೆ ನನಗಿಂತ ಗೇಣುದ್ದ ಎತ್ತರವಿರುವ ನನ್ನ ಗಂಡನೂ ಅರೆನಿಮಿಷದಲ್ಲಿ ಹೊರಡಬಹುದು. ‘ಅದು ನಿನ್ನ ಸೈಕಲ್ಲು’ ಎಂಬ ನೆಪಕ್ಕೆ ಎಡೆಯೇ ಇಲ್ಲ. ಮಕ್ಕಳನ್ನು ಕರೆತರುವುದು ಅಮ್ಮನ ಪಾಲಿನ ಕೆಲಸವಾಗಿಯೇ ಉಳಿದರೆ, ಎಷ್ಟು ಒಳ್ಳೆಯ ವಾಹನ ತಂದರೂ ಅವಳ ಹೊರೆ ಚಕ್ರದ ಮೇಲೆ ಬಂದಿತೇ ಹೊರತು ಇಳಿಯಲಿಲ್ಲ.

ಹಾಗೆಂದು ಎಲ್ಲ ಹಿರಿಮೆಯೂ ಸೈಕಲ್ಲಿನದಲ್ಲ. 1971ರಲ್ಲಿ ಈ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿಯಲ್ಲಿ ತಾಯಂದಿರು ಬೀದಿಗಿಳಿದು ರಸ್ತೆ ಅಡ್ಡಗಟ್ಟಿದರು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ಫಾನ್ ಪುಟ್ಟೆನ್ ಮುಂದೆ ಯುರೋಪಿಯನ್ ಸಂಸತ್ತಿನ ಸದಸ್ಯೆಯೂ ಆದರು. ಇಂದು ಕಾರುಗಳಿಂದ ಬೇರ್ಪಟ್ಟ ಹಾದಿಯಲ್ಲಿ ನಾನು ಹೆಲ್ಮೆಟ್ಟಿಲ್ಲದ ಡಚ್ ಅಜ್ಜಿಯರ ಹಿಂದೆ ಮಕ್ಕಳೊಂದಿಗೆ ಸಾಗಲು ಆ ಹೋರಾಟವೂ ಒಂದು ಕಾರಣ. ಅಂಥ ಹಾದಿಯಿಲ್ಲದ ಊರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ಬೆಲೆ ದುಬಾರಿ: ಮೋಟಾರಿರುವ ಒಳ್ಳೆಯ ಹೊಸ ಸೈಕಲ್ಲು ಸುಲಭವಾಗಿ 5,000 ಯೂರೋ ದಾಟುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚೌಕಟ್ಟಿನ ಬೆಸುಗೆಯನ್ನು ಚೆನ್ನಾಗಿ ಪರೀಕ್ಷಿಸಬೇಕು. ಚೌಕಟ್ಟು ಮುರಿಯುವ ಅಪಾಯದ ಕಾರಣಕ್ಕೆ 2024ರ ಫೆಬ್ರವರಿಯಲ್ಲಿ ಬಾಬೂ ಕಂಪನಿಯ ಪೆಟ್ಟಿಗೆ ಸೈಕಲ್ಲುಗಳ ಮಾರಾಟವನ್ನು ಸರಕಾರದ ಸುರಕ್ಷತಾ ಪ್ರಾಧಿಕಾರ ನಿಲ್ಲಿಸಿತ್ತು. ಆ ಕಂಪನಿಯ ಹಳೆಯ ಸೈಕಲ್ಲು ಅಗ್ಗಕ್ಕೆ ಸಿಕ್ಕಿದರೆ, ಅದು ಹಿಂಪಡೆದ ಮಾದರಿಗಳ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.