ಹಂಪನಕಟ್ಟೆಯಲ್ಲಿ ಪಾವೊಲೊ ಜೊವಿಯೊ ಅವರಿಗೊಂದು ಫ್ರೇಮು

ಇಟಲಿಯ ಪುನರುಜ್ಜೀವನ ಕಾಲದ ವಿದ್ವಾಂಸ, ಇತಿಹಾಸಕಾರ ಪಾವೊಲೊ ಜೊವಿಯೊ ಅವರ ಮರದಚ್ಚಿನ ಭಾವಚಿತ್ರವೊಂದನ್ನು ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಲು ಕಳೆದ ಬೇಸಗೆಯಲ್ಲಿ ಹಂಪನಕಟ್ಟೆಯ ಹಳೆಯ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಮಂಗಳೂರಿನಲ್ಲಿ ಫ್ರೇಮಿನ ಗುಣ ತಿಳಿಯಲು ಒಂದು ಮಳೆಗಾಲವಾದರೂ ಕಳೆಯಬೇಕಾದ್ದರಿಂದ ಈಗ ಬರೆಯುತ್ತಿದ್ದೇನೆ.

ಮೊದಲ ಪ್ರಿಂಟ್ ನೋಡಿ ಬಹಳ ಬೇಸರವಾಯಿತು. ಕಣ್ಣಿನ ಕೆಳಗಿನ ತುಂಡು ಗೆರೆಗಳನ್ನೂ ಗಡ್ಡದೊಳಗಿನ ಮಸಿಯ ಚುಕ್ಕೆಗಳನ್ನೂ ಕಂಪ್ಯೂಟರಿನಲ್ಲಿ ಅಳಿಸಿ ಮುಖವನ್ನು ನುಣುಪು ಮಾಡಿದ್ದರು. ವೈದ್ಯರಾಗಿ, ಇಟಲಿಯ ನೊಚೇರಾ ಪಟ್ಟಣದ ಬಿಷಪ್ಪರಾಗಿ, ತಮ್ಮ ಕಾಲದ ಇತಿಹಾಸವನ್ನು ಲ್ಯಾಟಿನ್ನಿನಲ್ಲಿ ಬರೆದ ಜೊವಿಯೊ, ಹುಟ್ಟೂರು ಕೋಮೊದ ಸರೋವರದ ದಡದಲ್ಲಿ ಮನೆ ಕಟ್ಟಿಸಿ, ದೊರೆಗಳ, ಯೋಧರ, ವಿದ್ವಾಂಸರ ನೂರಾರು ಭಾವಚಿತ್ರಗಳನ್ನು ಅಲ್ಲಿ ಸಂಗ್ರಹಿಸಿದವರು. ಚಿತ್ರವು ವ್ಯಕ್ತಿಯ ನಿಜರೂಪವನ್ನೇ ತೋರಬೇಕೆಂದು ಪಟ್ಟು ಹಿಡಿದವರು. ಅಂಥವರ ಮುಖವನ್ನೇ ತಿದ್ದುವುದು ನನಗೆ ಒಪ್ಪಿಗೆಯಾಗಲಿಲ್ಲ. ಮಾಲೀಕರು ಎಲ್ಲವನ್ನೂ ಕೇಳಿಸಿಕೊಂಡು, "ಗೆರೆ ಇದ್ದ ಹಾಗೇ ಬೇಕಲ್ವಾ ಸರ್? ಬೇರೆ ಪ್ರಿಂಟ್ ತೆಗೆದು ಕೊಡ್ತೇವೆ" ಎಂದರು. ಅದಕ್ಕೆ ಹಣ ಕೇಳಲಿಲ್ಲ.

ಅವರ ನಿಜವಾದ ಕೈಚಳಕ ಕಂಡದ್ದು ಚಿತ್ರದ ಸುತ್ತ ಗಾಜಿನೊಳಗೆ ಕೂರಿಸುವ ದಪ್ಪ ರಟ್ಟಾದ ಮೌಂಟ್ ಬೋರ್ಡಿನಲ್ಲಿ. ಜೊವಿಯೊ ಪ್ರತಿ ಚಿತ್ರದ ಕೆಳಗೂ ಆ ವ್ಯಕ್ತಿಯ ಬದುಕನ್ನು ಚಿಕ್ಕದಾಗಿ ಬರೆದ ಚರ್ಮದ ಹಾಳೆಯನ್ನು ತೂಗಿಸುತ್ತಿದ್ದರೆಂದು ಹೇಳಿದ ಮೇಲೆ, ಚಿತ್ರಕ್ಕೊಂದು, ನಾನು ಬರೆದ ನಾಲ್ಕು ಸಾಲಿನ ಕನ್ನಡ ಪರಿಚಯಕ್ಕೊಂದು ಎಂದು ಎರಡು ಕಿಟಕಿಗಳನ್ನು ಅವರು ಒಂದೇ ಬೋರ್ಡಿನಲ್ಲಿ ಕೊರೆದರು. ಓರೆಯಾಗಿ ಕತ್ತರಿಸಿದ ಅಂಚು ಎಂಟು ಮೂಲೆಗಳಲ್ಲಿಯೂ ಕೂದಲೆಳೆಯಷ್ಟೂ ಮುಂದೆ ಹರಿದಿಲ್ಲ.

ಜೊವಿಯೊ 1552ರಲ್ಲಿ ಫ್ಲಾರೆನ್ಸಿನಲ್ಲಿ ತೀರಿಕೊಂಡರು. ಅವರ ಸಂಗ್ರಹ ಕ್ರಮೇಣ ಚದುರಿಹೋದರೂ ಫ್ಲಾರೆನ್ಸಿನ ಕೊಸಿಮೊ ದೊರೆ ಮಾಡಿಸಿದ ನಕಲುಗಳು ಆ ಊರಿನ ಉಫೀಜಿ ಕಲಾಸಂಗ್ರಹಾಲಯದಲ್ಲಿ ಉಳಿದಿವೆ. ಚಿತ್ರಕಾರ ತೋಬಿಯಾಸ್ ಸ್ಟಿಮ್ಮರ್ ಕೋಮೊದಲ್ಲಿ ನೋಡಿ ಬರೆದುಕೊಂಡ ಚಿತ್ರಗಳು 1575 ಮತ್ತು 1577ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಮರದಚ್ಚಿನಲ್ಲಿ ಪ್ರಕಟವಾದವು. ಬಾಸೆಲ್ ಮಿಷನ್ನಿನವರು 1841ರಲ್ಲಿ ಅಚ್ಚುಕೂಟ ತೆರೆದ ನಮ್ಮ ಊರಿನಲ್ಲಿ ಆ ನಗರದ ಹೆಸರನ್ನು ಉಚ್ಚರಿಸುವಾಗ ನನಗಾದ ಸಂತೋಷವನ್ನು ಇಲ್ಲಿ ಹೇಳಲೇಬೇಕು.

ಒಪ್ಪಿಕೊಂಡ ದಿನಕ್ಕಿಂತ ನಾಲ್ಕು ದಿನ ತಡವಾಯಿತು. ಸಾಗುವಾನಿ ಚೌಕಟ್ಟಿಗೆ ಬೆಲೆ ಕೊಂಚ ಹೆಚ್ಚೇ. ಆದರೆ ಇಡೀ ಮಳೆಗಾಲದಲ್ಲಿ ಗಾಜಿನೊಳಗೆ ಬೂಷ್ಟು ಹಿಡಿಯಲಿಲ್ಲ; ಹಿಂಬದಿಯ ಟೇಪು ಮಾತ್ರ ಒಂದು ಮೂಲೆಯಲ್ಲಿ ಬಿಟ್ಟಿತು. ಅಂಗಡಿಗೆ ಒಯ್ದಾಗ ಹೊಸ ಟೇಪು ಹಾಕಿ, ನಾಲ್ಕೂ ಮೂಲೆಗೆ ಕಾರ್ಕಿನ ಬಿಲ್ಲೆ ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುವಂತೆ ಮಾಡಿಕೊಟ್ಟರು.